ಓದಲು ಹೋದವರು ರೈಲು ಹತ್ತಲಿ ಬಿಡಿ

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಅ ಆ ಇ ಈ ತಿದ್ದಿದ ಕೆಲವರು ಈಗ ಜರ್ಮನಿ, ಇಟಲಿ, ಬೆಲ್ಜಿಯಂಗಳಲ್ಲಿ ಎಂ.ಎಸ್. ಓದುತ್ತಿದ್ದಾರೆ. ಅವರ ತಮ್ಮ ತಂಗಿಯರು ಇನ್ನೂ ನಮ್ಮ ಬೆಂಚುಗಳಲ್ಲೇ ಇರುವುದರಿಂದ ಪಿ.ಟಿ.ಎ. ಸಭೆ ಮುಗಿದ ಮೇಲೆ ಹೆತ್ತವರು ಆ ಮಾತು ತೆಗೆಯುತ್ತಾರೆ. "ಮಾಷ್ಟ್ರೇ, ಬ್ಯಾಂಕಿನಲ್ಲಿ ಸಾಲ ಮಾಡಿ ಕಳಿಸಿದ್ದು ಓದಲಿಕ್ಕೆ. ಅವ ನೋಡಿದ್ರೆ ರಜೆ ಸಿಕ್ಕಿದ ಕೂಡಲೇ ರೈಲು ಹತ್ತಿ ಊರೂರು ತಿರುಗ್ತಾನೆ. ನೀವೊಂದು ಮಾತು ಹೇಳಿ." ಕೇಳಿದ ಮೇಲೆ ಹೇಳಲೇಬೇಕಲ್ಲ. ನಮ್ಮ ಮಾತು ಇಷ್ಟೇ: ತಿರುಗಲಿ. ಆದರೆ ಈಗ ತಿರುಗುತ್ತಿರುವ ಹಾಗೆ ಬೇಡ.

ಈಗ ಹೇಗೆ ತಿರುಗುತ್ತಾರೆ? ಹದಿನೈದು ದಿನ, ಹತ್ತು ದೇಶ. ಪ್ಯಾರಿಸ್ಸಿನಲ್ಲಿ ಗೋಪುರದ ಮುಂದೆ ಒಂದು ಫೋಟೋ, ರೋಮಿನಲ್ಲಿ ಒಂದು, ವೆನಿಸ್ಸಿನಲ್ಲಿ ಒಂದು. ಯಾವ ಊರಿನಲ್ಲಿ ಯಾರ ಜೊತೆ ಮಾತಾಡಿದೆ ಅಂತ ಕೇಳಿದರೆ ಉತ್ತರವಿಲ್ಲ. ನಮ್ಮ ಏಳನೇ ಕ್ಲಾಸಿನವರ ಶೈಕ್ಷಣಿಕ ಪ್ರವಾಸವೂ ಹೀಗೇ ಇರುತ್ತದೆ, ಬಸ್ಸಿನಿಂದ ಇಳಿ, ನೋಡು, ಹತ್ತು. ಅದನ್ನೇ ಯೂರೋ ಸುರಿದು ಮಾಡುವುದೇಕೆ?

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ, ನಾವು ಯುರೋಪಿಗೆ ಹೋದವರಲ್ಲ. ಸಮಾಜ ವಿಜ್ಞಾನ ಪಾಠ ಮಾಡುವವರಿಗೆ ಇರುವ ಭೂಪಟದ ಹುಚ್ಚು, ಅಲ್ಲಿರುವ ಹಳೆಯ ವಿದ್ಯಾರ್ಥಿಗಳ ಫೋನು, ಅವರು ಕಳಿಸುವ ಟಿಕೆಟ್ಟಿನ ಚಿತ್ರಗಳು... ಇಷ್ಟೇ ನಮ್ಮ ಬಂಡವಾಳ.

ತಂದೆತಾಯಂದಿರು ಮೊದಲು ತಿಳಿಯಬೇಕಾದ್ದು, ಅಲ್ಲಿ ಬಡ ವಿದ್ಯಾರ್ಥಿ ರೈಲಿನಲ್ಲಿ ಊರು ಸುತ್ತುವುದು ಶೋಕಿಯಲ್ಲ. ಅದಕ್ಕೆಂದೇ ರೈಲ್ವೆಗಳು ಟಿಕೆಟ್ ಮಾಡಿವೆ. 1972ರಲ್ಲಿ ಅಂತಾರಾಷ್ಟ್ರೀಯ ರೈಲ್ವೆ ಒಕ್ಕೂಟಕ್ಕೆ ಐವತ್ತು ತುಂಬಿದಾಗ ಇಂಟರ್‌ರೈಲ್ ಎಂಬ ಪಾಸು ತಂದರು. 21 ವರ್ಷದೊಳಗಿನವರಿಗೆ, ಒಂದು ತಿಂಗಳು, 21 ದೇಶ. ಆ ಒಂದು ವರ್ಷಕ್ಕೆ ಮಾತ್ರ ಅಂತ ಶುರು ಮಾಡಿದ್ದು ಇವತ್ತಿಗೂ ನಿಂತಿಲ್ಲ. ಈಗ 33 ದೇಶಗಳಲ್ಲಿ ನಡೆಯುತ್ತದೆ, ಯಾವ ವಯಸ್ಸಿನವರೂ ಕೊಳ್ಳಬಹುದು, 27 ವರ್ಷದವರೆಗೆ ರಿಯಾಯಿತಿಯೂ ಇದೆ. ಅಪ್ಪಂದಿರು ಎರಡನೇ ಮಹಾಯುದ್ಧದಲ್ಲಿ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದರು. ಮಕ್ಕಳು ಒಂದೇ ಡಬ್ಬಿಯಲ್ಲಿ ಎದುರುಬದುರು ಕೂತು ರೊಟ್ಟಿ ಹಂಚಿಕೊಂಡರು. ಮೂವತ್ತು ವರ್ಷದೊಳಗೆ ಇದಾಯಿತು ಅನ್ನುವುದು ಸಣ್ಣ ಸಂಗತಿಯಲ್ಲ.

ಯುರೋಪಿನ ಹೊರಗಿನಿಂದ ಬರುವ ಪ್ರವಾಸಿಗೆ ಬೇರೆ ಪಾಸು, 1959ರಿಂದ ಇರುವ ಯೂರೈಲ್. ನಮ್ಮ ಮಕ್ಕಳು ಭಾರತೀಯರಾದ್ದರಿಂದ ಯೂರೈಲೇ ಕೊಳ್ಳಬೇಕು ಅಂತ ಹಲವರು ತಿಳಿದಿದ್ದಾರೆ. ಹಾಗಲ್ಲ. ಅಲ್ಲಿ ವಾಸದ ಪರವಾನಗಿ ಪಡೆದು ಓದುತ್ತಿರುವವರು ಅಲ್ಲಿನ ನಿವಾಸಿಗಳ ಲೆಕ್ಕ, ಅವರಿಗೆ ಇಂಟರ್‌ರೈಲ್. ಅದರಲ್ಲಿ ಒಂದು ಕಟ್ಟಳೆ ಇದೆ. ವಾಸವಿರುವ ದೇಶದೊಳಗೆ ಆ ಪಾಸಿನಲ್ಲಿ ಬೇಕಾದ ಹಾಗೆ ತಿರುಗುವಂತಿಲ್ಲ, ಹೊರಗೆ ಹೋಗಲು ಒಂದು ದಿನ, ಒಳಗೆ ಬರಲು ಒಂದು ದಿನ, ಅಷ್ಟೇ. ಪಾಸು ಇದ್ದರೂ ಫ್ರಾನ್ಸಿನ ಟಿ.ಜಿ.ವಿ., ಇಟಲಿ ಮತ್ತು ಸ್ಪೇನಿನ ವೇಗದ ರೈಲು, ಲಂಡನ್ನಿಗೆ ಹೋಗುವ ಯೂರೋಸ್ಟಾರ್, ಇವುಗಳಲ್ಲಿ ಸೀಟು ಕಾದಿರಿಸಲು ಬೇರೆ ದುಡ್ಡು ಕೊಡಬೇಕು. ಲಂಡನ್ನಿಗಂತೂ ವೀಸಾವೇ ಬೇರೆ. ಹತ್ತು ದೇಶದ ಓಟಕ್ಕೆ ಹೊರಟವರ ಕಿಸೆ ಖಾಲಿಯಾಗುವುದು ಇಲ್ಲಿಯೇ. ಪಾಸಿಗೆ ಕೊಟ್ಟದ್ದು ಲೆಕ್ಕಕ್ಕೆ ಸಿಗುತ್ತದೆ, ಸೀಟಿಗೆ ಕೊಟ್ಟದ್ದು ಸಿಗುವುದಿಲ್ಲ.

ಇನ್ನು ನಮ್ಮ ಬಹುಪಾಲು ಮಕ್ಕಳಿರುವ ಜರ್ಮನಿಯ ವಿಷಯ. 2022ರ ಜೂನಿನಿಂದ ಆಗಸ್ಟಿನವರೆಗೆ ಆ ದೇಶದ ಸರಕಾರ ತಿಂಗಳಿಗೆ 9 ಯೂರೋಗೆ ದೇಶದ ಯಾವ ಮೂಲೆಗೂ ಹೋಗಿ ಅಂತ ಟಿಕೆಟ್ ಕೊಟ್ಟಿತು. ಸುಮಾರು 5 ಕೋಟಿ 20 ಲಕ್ಷ ಟಿಕೆಟ್ ಮಾರಾಟವಾಯಿತು. ಜನ ಅದರ ರುಚಿ ಕಂಡ ಮೇಲೆ ಪೂರ್ತಿ ನಿಲ್ಲಿಸಲಿಕ್ಕಾಗಲಿಲ್ಲ. 2023ರ ಮೇ 1ರಿಂದ 49 ಯೂರೋದ ಡಾಯ್ಚ್‌ಲಾಂಡ್ ಟಿಕೆಟ್ ಬಂತು. 2025ರ ಜನವರಿಯಲ್ಲಿ ಅದು 58 ಆಯಿತು, 2026ರ ಜನವರಿಯಿಂದ 63. ಏರುತ್ತಲೇ ಇದೆ, ನಿಜ. ಆದರೂ ಆ ಒಂದು ಟಿಕೆಟ್ಟಿನಲ್ಲಿ ತಿಂಗಳಿಡೀ ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ಮೆಟ್ರೋ, ನಿಧಾನದ ರೈಲು. ಐ.ಸಿ.ಇ.ಯಂಥ ವೇಗದ ರೈಲು ಮಾತ್ರ ಇಲ್ಲ.

ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳಿಗೆ ಇದೇ ಟಿಕೆಟ್ ಶೇಕಡಾ 60ರ ದರದಲ್ಲಿ ಸೆಮಿಸ್ಟರ್ ಶುಲ್ಕದೊಳಗೇ ಸೇರಿದೆ. ಅಂದರೆ ನೀವು ಸಾಲ ಮಾಡಿ ಕಟ್ಟಿದ ಶುಲ್ಕದಲ್ಲಿ ಮಗನ ರೈಲಿನ ದುಡ್ಡೂ ಹೋಗಿಯಾಗಿದೆ! ಅವನು ರಜೆಯಲ್ಲಿ ಕೋಣೆಯಲ್ಲಿ ಮಲಗಿದರೂ ಆ ದುಡ್ಡು ವಾಪಸು ಬರುವುದಿಲ್ಲ. ತಿರುಗುವುದು ದುಂದು ಅನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಆ ಟಿಕೆಟ್ಟಿಗೆ ನಿಧಾನದ ರೈಲು ಮಾತ್ರ ಸಿಗುತ್ತದೆ ಅಂತ ಮಕ್ಕಳು ಗೊಣಗುತ್ತಾರೆ. ನಮಗೆ ಕೇಳಿದರೆ ಅದರ ಸೊಗಸೇ ಅದು. ಹ್ಯಾಂಬರ್ಗಿನಿಂದ ಉತ್ತರಕ್ಕೆ ಎರಡು ಗಂಟೆ ಚಿಲ್ಲರೆ ಹೋದರೆ ಡೆನ್ಮಾರ್ಕಿನ ಗಡಿಗೆ ಅಂಟಿಕೊಂಡ ಫ್ಲೆನ್ಸ್‌ಬುರ್ಗ್ ಎಂಬ ಪಟ್ಟಣ ಸಿಗುತ್ತದೆ. 1920ರಲ್ಲಿ ಜನರ ಮತ ಕೇಳಿ ಅಲ್ಲಿ ಗಡಿ ಎಳೆದರು. ಫ್ಲೆನ್ಸ್‌ಬುರ್ಗ್ ಜರ್ಮನಿಯಲ್ಲಿ ಉಳಿಯಿತು, ಡೇನಿಷ್ ಮಾತಾಡುವವರೂ ಅಲ್ಲಿಯೇ ಉಳಿದರು. ಗೆರೆಯ ಆಚೆ ಡೆನ್ಮಾರ್ಕಿನಲ್ಲಿ ಜರ್ಮನ್ನರು ಉಳಿದರು. 1955ರಲ್ಲಿ ಎರಡೂ ಸರಕಾರಗಳು ಬಾನ್‌ನಲ್ಲೊಂದು, ಕೋಪನ್‌ಹೇಗನ್ನಿನಲ್ಲೊಂದು ಘೋಷಣೆ ಮಾಡಿ, ನಿಮ್ಮವರನ್ನು ನಾವು ನೋಡಿಕೊಳ್ಳುತ್ತೇವೆ, ನಮ್ಮವರನ್ನು ನೀವು ನೋಡಿಕೊಳ್ಳಿ ಎಂಬ ಒಪ್ಪಂದಕ್ಕೆ ಬಂದವು. ಇವತ್ತಿಗೂ ಜರ್ಮನಿಯ ಆ ಪಟ್ಟಣದಲ್ಲಿ ಡೇನಿಷ್ ಶಾಲೆ ನಡೆಯುತ್ತಿದೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಓದಿದವನು ಜರ್ಮನಿಗೆ ಹೋಗಿ ಇದನ್ನು ನೋಡದೆ ಪ್ಯಾರಿಸ್ಸಿನ ಗೋಪುರ ನೋಡಿ ಬಂದರೆ ನಮಗೆ ಬೇಸರವಾಗುತ್ತದೆ.

ಬಾಜಲ್ ಇನ್ನೊಂದು. ಊರು ಸ್ವಿಟ್ಜರ್ಲೆಂಡಿನದು, ಅಲ್ಲಿನ ಒಂದು ಸ್ಟೇಷನ್ನು ಜರ್ಮನಿಯ ರೈಲ್ವೆಯದು. ಜರ್ಮನಿಯ ಟಿಕೆಟ್ ಅಲ್ಲಿಯವರೆಗೆ ನಡೆಯುತ್ತದೆ, ಇಳಿದು ಹೊರಗೆ ಬಂದರೆ ಸ್ವಿಸ್ ನೆಲ. ಕೇಲ್ ಎಂಬಲ್ಲಿ ರೈಲಿಳಿದು ಟ್ರಾಮು ಹತ್ತಿದರೆ ರೈನ್ ನದಿ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್. ಆ ಟ್ರಾಮು ಬಂದದ್ದು 2017ರಲ್ಲಿ. ಎಪ್ಪತ್ತೈದು ವರ್ಷದೊಳಗೆ ನಾಲ್ಕು ಸಲ ದೇಶ ಬದಲಾಯಿಸಿದ ಊರಿಗೆ ಈಗ ಟ್ರಾಮಿನಲ್ಲಿ ತರಕಾರಿ ತರಲು ಹೋಗಿಬರುತ್ತಾರೆ.

ಬೆಲ್ಜಿಯಂನಲ್ಲಿ ರೈಲು ಹತ್ತುವವರಿಗೆ ಒಂದು ಎಚ್ಚರಿಕೆ. ಒಂದೇ ಊರಿಗೆ ಅಲ್ಲಿ ಎರಡು ಮೂರು ಹೆಸರು. ಫ್ರೆಂಚರ ಲಿಯೇಜ್, ಡಚ್ಚರಿಗೆ ಲೌಕ್, ಜರ್ಮನ್ನರಿಗೆ ಲ್ಯುಟಿಶ್. ಫ್ರಾನ್ಸಿನ ಲೀಲ್ ಡಚ್ ಫಲಕದಲ್ಲಿ ರೈಸಲ್ ಆಗುತ್ತದೆ. ರೈಲು ಯಾವ ಭಾಷೆಯ ಸೀಮೆಯಲ್ಲಿದೆಯೋ ಆ ಭಾಷೆಯಲ್ಲಿ ಹೆಸರು ಕೂಗುತ್ತಾರೆ. ಬೆಂಗಳೂರಿನಿಂದ ಹೋದವರು ಇಲ್ಲಿ ಕಕ್ಕಾಬಿಕ್ಕಿಯಾಗಬಹುದು. ಕುಂಬಳೆಯನ್ನು ಕುಂಬ್ಳ ಅಂತಲೂ ಮಂಜೇಶ್ವರವನ್ನು ಮಂಜೇಶ್ವರಂ ಅಂತಲೂ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಅದೇನೂ ಹೊಸತಲ್ಲ. ಅದೇ ದೇಶದ ಪೂರ್ವದ ತುದಿಯಲ್ಲಿ ಯೂಪನ್ ಅಂತ ಊರಿದೆ, ಒಂದನೇ ಮಹಾಯುದ್ಧದ ನಂತರ ಜರ್ಮನಿಯಿಂದ ಬೆಲ್ಜಿಯಂಗೆ ಸೇರಿದ್ದು. ಜನ ಇಂದಿಗೂ ಜರ್ಮನ್ ಆಡುತ್ತಾರೆ, ಎಂಬತ್ತು ಸಾವಿರ ಮುಟ್ಟದ ಆ ಜನಕ್ಕೆ ಸ್ವಂತ ಶಾಸನಸಭೆಯೇ ಇದೆ.

ಇನ್ನೊಂದು ಊರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮ್ಯೂನಿಕ್ಕಿನಿಂದ ಆಲ್ಪ್ಸ್ ಪರ್ವತದ ಬ್ರೆನ್ನರ್ ಕಣಿವೆ ದಾಟಿ ಇಟಲಿಗಿಳಿಯುವ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ ಕೂತರೆ ಒಂದು ಸ್ಟೇಷನ್ ಬರುತ್ತದೆ. ಬೋರ್ಡಿನಲ್ಲಿ ಎರಡು ಹೆಸರು: ಬೊಲ್ಜಾನೊ, ಬೋಟ್ಸನ್. ಜರ್ಮನ್ ಮಾತಾಡುವ ಆ ಸೀಮೆ ಒಂದನೇ ಮಹಾಯುದ್ಧದ ನಂತರ ಇಟಲಿಯ ಪಾಲಾಯಿತು. ಮುಸೊಲಿನಿಯ ಕಾಲದಲ್ಲಿ ಶಾಲೆಗಳಿಂದ ಜರ್ಮನ್ ಹೊರಬಿತ್ತು, ಊರುಗಳ ಹೆಸರು ಬದಲಾದವು. ಆಗ ಹಳ್ಳಿಯ ಅಟ್ಟಗಳಲ್ಲಿ, ಅಡುಗೆಮನೆಗಳಲ್ಲಿ ಗುಟ್ಟಾಗಿ ಶಾಲೆ ನಡೆಸಿದರು. ಕಲಿಸಿದವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ಆಂಜೆಲಾ ನಿಕೊಲೆಟ್ಟಿ ಎಂಬಾಕೆ ಹೀಗೆ ಮಕ್ಕಳಿಗೆ ಜರ್ಮನ್ ಅಕ್ಷರ ಹೇಳಿಕೊಟ್ಟದ್ದಕ್ಕೆ ಸೆರೆಮನೆಗೆ ಹೋದಳು. 1930ರಲ್ಲಿ ಕ್ಷಯದಿಂದ ತೀರಿಕೊಂಡಾಗ ಆಕೆಗೆ ವಯಸ್ಸು 25.

ಯುದ್ಧ ಮುಗಿದ ಮೇಲೆ ಜರ್ಮನ್ ಶಾಲೆಗಳು ಮರಳಿದವು. 1972ರಲ್ಲಿ, ಇಂಟರ್‌ರೈಲ್ ಶುರುವಾದ ಅದೇ ವರ್ಷ, ಆ ಪ್ರಾಂತಕ್ಕೆ ಹೊಸ ಸ್ವಾಯತ್ತ ಶಾಸನ ಬಂತು. ಅದರ 19ನೇ ವಿಧಿ ಹೇಳುವುದು, ಮಕ್ಕಳಿಗೆ ಮಾತೃಭಾಷೆಯಲ್ಲಿ ಪಾಠ ಮಾಡುವವರಿಗೂ ಅದೇ ಮಾತೃಭಾಷೆಯಾಗಿರಬೇಕು. ಎರಡನೇ ಭಾಷೆಯೂ ಕಡ್ಡಾಯ, ಜರ್ಮನ್ ಮಕ್ಕಳು ಇಟಾಲಿಯನ್ ಕಲಿಯಬೇಕು, ಇಟಾಲಿಯನ್ ಮಕ್ಕಳು ಜರ್ಮನ್ ಕಲಿಯಬೇಕು. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ತರಗತಿಗೆ ಮಾಷ್ಟ್ರಾಗಿ ಕಳಿಸಿದಾಗ ಏನಾಗುತ್ತದೆ ಅಂತ ಕಂಡ ಓದುಗರಿಗೆ ಈ ವಿಧಿಯ ತೂಕ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಕ್ಕು ಕೇಳುವಾಗ ತೋರಿಸಲು ನಮಗೊಂದು ಉದಾಹರಣೆ ಬೇಕು. ಅಲ್ಲಿ ಹೋಗಿ ಕಣ್ಣಾರೆ ಕಂಡು ಬಂದು ಹೇಳುವವರು ಬೇಕು. ಆ ದಾರಿಯಲ್ಲಿ ರೈಲು ದಿನವೂ ಓಡುತ್ತಿದೆ, ನಮ್ಮ ಮಕ್ಕಳು ಅದೇ ರೈಲಿನಲ್ಲಿ ಕೂತು ಬೋಟ್ಸನ್ನಿನಲ್ಲಿ ಇಳಿಯದೆ ನೇರ ವೆನಿಸ್ಸಿನ ಕಡೆ ಹೋಗುತ್ತಿದ್ದಾರೆ. ನಮ್ಮ ತಕರಾರು ಇದು.

ಅಂದ ಹಾಗೆ, ಉಳಿಯುವುದೆಲ್ಲಿ ಅಂತ ತಾಯಂದಿರು ಕೇಳುತ್ತಾರೆ. ಯುವಕರ ಹಾಸ್ಟೆಲ್‌ಗಳಿವೆ, ಒಂದು ಕೋಣೆಯಲ್ಲಿ ನಾಲ್ಕೋ ಎಂಟೋ ಮಂಚ, ಹಲವು ಕಡೆ ಅಡುಗೆಮನೆಯೂ ಉಂಟು. ಇದನ್ನು ಹುಟ್ಟುಹಾಕಿದ್ದು ಯಾರು ಗೊತ್ತೇ? ನಮ್ಮಂಥ ಒಬ್ಬ ಪ್ರಾಥಮಿಕ ಶಾಲಾ ಮಾಷ್ಟ್ರು! ರಿಚರ್ಡ್ ಶಿರ್ಮನ್ ಎಂಬ ಜರ್ಮನ್ ಶಿಕ್ಷಕ 1909ರಲ್ಲಿ ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಿದ್ದಾಗ ಗುಡುಗು ಮಳೆಗೆ ಸಿಕ್ಕಿ ಒಂದು ಹಳ್ಳಿ ಶಾಲೆಯಲ್ಲಿ ರಾತ್ರಿ ಕಳೆದ. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳಲ್ಲಿ ಮಕ್ಕಳು ತಂಗಬಾರದೇಕೆ ಅನ್ನುವ ಯೋಚನೆ ಅವತ್ತು ಬಂತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಕೋಟೆಯೊಳಗೆ ಮೊದಲ ಹಾಸ್ಟೆಲ್ ತೆರೆದ.

ಎಲ್ಲ ಸರಿ ಇದೆ ಅಂತಲ್ಲ. ಜರ್ಮನ್ ರೈಲು ಅಂದರೆ ಗಡಿಯಾರ ಅಂತ ನಂಬಿದವರು ನಗಬೇಕು: 2024ರಲ್ಲಿ ಅಲ್ಲಿನ ದೂರದ ರೈಲುಗಳಲ್ಲಿ ಹೊತ್ತಿಗೆ ಸರಿಯಾಗಿ ಬಂದದ್ದು ಶೇಕಡಾ 62.5 ಮಾತ್ರ. ಅವರ ಲೆಕ್ಕದಲ್ಲಿ ಆರು ನಿಮಿಷಕ್ಕೆ ಕಡಿಮೆ ತಡವಾದರೆ ತಡವೇ ಅಲ್ಲ! ಒಂದು ಗಂಟೆ ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ವಾಪಸು ಕೇಳುವ ಹಕ್ಕಿದೆ, ನಮ್ಮ ಮಕ್ಕಳು ಸಂಕೋಚಕ್ಕೆ ಕೇಳುವುದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ಕೆಲವು ದಾರಿಗಳಲ್ಲಿ ವಿಮಾನವೋ ಬಸ್ಸೋ ರೈಲಿಗಿಂತ ಅಗ್ಗ, ಅದೂ ನಿಜ. ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅನ್ನುವ ಮಾತೂ ಹಳತಾಯಿತು. 2024ರ ಸೆಪ್ಟೆಂಬರಿನಲ್ಲಿ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ತಂದಿತು. ಪಾಸ್‌ಪೋರ್ಟು, ವಾಸದ ಕಾರ್ಡು ಎರಡೂ ಕೈಚೀಲದಲ್ಲಿರಲಿ. ಆ ಕಾರ್ಡಿನ ಮೇಲೆ ಬೇರೆ ಶೆಂಗೆನ್ ದೇಶಗಳಲ್ಲಿ ಇರಬಹುದಾದ್ದು 180 ದಿನಗಳಲ್ಲಿ 90 ದಿನ.

ಸಾಲದ ಕಂತು ನಮಗೂ ಗೊತ್ತು. ಅಡಿಕೆಯ ದರ ಇಳಿದಾಗ ಮನೆಯಲ್ಲಿ ಏನಾಗುತ್ತದೆ ಅಂತಲೂ ಗೊತ್ತು. ಅದಕ್ಕೇ ಹೇಳುವುದು, ಹತ್ತು ದೇಶದ ಪಾಸು ಬೇಡ. ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನ, ಶುಲ್ಕದಲ್ಲಿ ಬಂದ ಟಿಕೆಟ್ಟು, ಅಮ್ಮ ಕಳಿಸಿದ ಚಟ್ನಿಪುಡಿ, ಬೇಕರಿಯ ಬ್ರೆಡ್ಡು. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಕೊಂಡಿಟ್ಟುಕೊಳ್ಳಬೇಕು. ಇಟಲಿಗೆ ಹೋಗುವವರು ಮಾತ್ರ ಮುಂದಿನ ದಾರಿಗೆ ಟಿಕೆಟ್ಟನ್ನು ತಿಂಗಳುಗಟ್ಟಲೆ ಮೊದಲೇ ತೆಗೆದಿಡಲಿ, ಕಡಿಮೆಯಲ್ಲಿ ಸಿಗುತ್ತದೆ.

ಫ್ಲೆನ್ಸ್‌ಬುರ್ಗಿಗೋ ಯೂಪನ್ನಿಗೋ ಬೋಟ್ಸನ್ನಿಗೋ ಯಾರಾದರೂ ಹೋದರೆ ನಮಗೊಂದು ಉಪಕಾರ ಮಾಡಿ. ಅಲ್ಲಿನ ಸ್ಟೇಷನ್ನಿನ ಬೋರ್ಡು, ಶಾಲೆಯ ಫಲಕ, ಸಿಕ್ಕಿದರೆ ಒಂದು ಪಾಠಪುಸ್ತಕದ ಮುಖಪುಟ, ಇವುಗಳ ಫೋಟೋ ಕಳಿಸಿ. ಏಳನೇ ಕ್ಲಾಸಿನವರಿಗೆ ಭೂಪಟದಲ್ಲಿ ಈ ಮೂರೂ ಊರು ಗುರುತಿಸಲು ಹೇಳಿದ್ದೇವೆ.