ಹೃದಯ ನಿಂತಿತು ಅಂದರು ಪೊಲೀಸರು

2021ರ ಆಗಸ್ಟ್ 2, ಸೋಮವಾರ. ಬೆಂಗಳೂರಿನ ಜೆ.ಸಿ. ನಗರ ಪೊಲೀಸ್ ಠಾಣೆಯ ಮುಂದೆ ಆಫ್ರಿಕಾ ಮೂಲದವರು ಗುಂಪುಗೂಡಿದ್ದರು. ಕಾಂಗೋ ದೇಶದ 27 ವರ್ಷದ ತರುಣನೊಬ್ಬ ಹಿಂದಿನ ದಿನ ಪೊಲೀಸರ ವಶಕ್ಕೆ ಹೋದವನು ಬೆಳಗಾಗುವಷ್ಟರಲ್ಲಿ ಹೆಣವಾಗಿದ್ದ. ಮಾದಕವಸ್ತು ಇಟ್ಟುಕೊಂಡಿದ್ದ ಎಂಬುದು ಅವನ ಮೇಲಿನ ಆರೋಪ. ಎದೆನೋವು ಅಂದ, ಆಸ್ಪತ್ರೆಗೆ ಸೇರಿಸಿದೆವು, ಹೃದಯ ನಿಂತಿತು ಎಂಬುದು ಪೊಲೀಸರ ಹೇಳಿಕೆ. ಕೇಳಲು ಬಂದವರಿಗೂ ಠಾಣೆಯವರಿಗೂ ಮಾತಿಗೆ ಮಾತು ಬೆಳೆದು, ತಳ್ಳಾಟವಾಗಿ, ಕೊನೆಗೆ ಲಾಠಿ ಬೀಸಿತು. ಪ್ರಕರಣ ಸಿಐಡಿಗೆ ಹೋಯಿತು.

ಆ ವಾರ ಚಹಾ ಅಂಗಡಿಗಳಲ್ಲಿ ಕೇಳಿಬಂದ ಮಾತು ಒಂದೇ: 'ಡ್ರಗ್ಸ್ ಮಾರೋಕೆ ಬಂದವರಿಗೆ ಮತ್ತೇನು ಹಾರ ಹಾಕ್ತಾರಾ?' ಹಾರ ಹಾಕಿ ಅಂತ ಯಾರೂ ಹೇಳಿಲ್ಲ ಸ್ವಾಮಿ. ತಪ್ಪು ಮಾಡಿದ್ದರೆ ಶಿಕ್ಷೆ ಕೊಡಲು ಕೋರ್ಟಿದೆ. ವೀಸಾ ಮುಗಿದಿದ್ದರೆ ವಿಮಾನ ಹತ್ತಿಸಲು ಕಾಯಿದೆ ಇದೆ. ರಾತ್ರಿ ವಶಕ್ಕೆ ತೆಗೆದುಕೊಂಡ ಮನುಷ್ಯ ಬೆಳಿಗ್ಗೆ ಉಸಿರಾಡುತ್ತಿರಬೇಕು, ಇಷ್ಟೇ ಆ ಗುಂಪಿನ ಬೇಡಿಕೆ. ಹೃದಯ ನಿಂತಿದ್ದು ನಿಜವೇ ಇರಬಹುದು. ಸತ್ತವರೆಲ್ಲರ ಹೃದಯವೂ ನಿಲ್ಲುತ್ತದೆ. ಯಾಕೆ ನಿಂತಿತು ಎಂಬುದು ತಾನೇ ಪ್ರಶ್ನೆ?

ಅದಕ್ಕೆ ಒಂದು ವರ್ಷ ಮುಂಚೆ ಅಮೆರಿಕದಲ್ಲಿ ನಡೆದದ್ದನ್ನು ನೋಡಿ. 2020ರ ಮೇ 25ರಂದು ಮಿನಿಯಾಪೊಲಿಸ್ ಊರಿನಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕರಿಯ ಗೃಹಸ್ಥನನ್ನು 20 ಡಾಲರಿನ ಖೋಟಾ ನೋಟು ಕೊಟ್ಟ ಎಂಬ ದೂರಿನ ಮೇಲೆ ಹಿಡಿದರು. ಆ ರಾತ್ರಿ ಪೊಲೀಸರು ಹೊರಡಿಸಿದ ಪ್ರಕಟಣೆಯಲ್ಲಿ ಆತನಿಗೆ ಏನೋ ಆರೋಗ್ಯ ಕೆಟ್ಟು ಆಸ್ಪತ್ರೆಯಲ್ಲಿ ತೀರಿಕೊಂಡ ಎಂದಿತ್ತು. ಕುತ್ತಿಗೆಯ ಸುದ್ದಿಯಿಲ್ಲ, ಮೊಣಕಾಲಿನ ಸುದ್ದಿಯಿಲ್ಲ. ಅಲ್ಲಿಗೇ ಕಡತ ಮುಚ್ಚುತ್ತಿತ್ತೋ ಏನೋ. ಆದರೆ ಬೀದಿಯಲ್ಲಿ ನಿಂತಿದ್ದ 17ರ ಹುಡುಗಿ ಡಾರ್ನೆಲ್ಲಾ ಫ್ರೇಜಿಯರ್ ತನ್ನ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದಳು. ಡೆರೆಕ್ ಶಾವಿನ್ ಎಂಬ ಪೊಲೀಸಿನವ ಒಂಬತ್ತು ನಿಮಿಷಕ್ಕೂ ಮಿಕ್ಕಿ ಆತನ ಕುತ್ತಿಗೆಯ ಮೇಲೆ ಮೊಣಕಾಲೂರಿ ಕೂತಿದ್ದು ಜಗತ್ತಿಗೆಲ್ಲ ಕಂಡಿತು. ಜನ ಬೀದಿಗಿಳಿದರು. 2021ರ ಏಪ್ರಿಲಿನಲ್ಲಿ ಜ್ಯೂರಿ ಅವನನ್ನು ಕೊಲೆಗಾರನೆಂದಿತು, ಜೂನಿನಲ್ಲಿ ಇಪ್ಪತ್ತೆರಡೂವರೆ ವರ್ಷ ಶಿಕ್ಷೆಯಾಯಿತು. ಆ ಹುಡುಗಿಗೆ ಪುಲಿಟ್ಜರ್ ವಿಶೇಷ ಗೌರವ ಬಂತು.

ಬೀದಿಯಲ್ಲಾದರೆ ನೋಡುವವರಿರುತ್ತಾರೆ. ಠಾಣೆಯ ಒಳಗೆ ನೋಡುವವರು ಯಾರು?

ಇಲ್ಲಿ ಕಾನೂನಿಗೆ ಬರವಿಲ್ಲ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಆ ಕಾಗದವೇ ಅರ್ಜಿಯಾಗಿ, ಹತ್ತು ವರ್ಷ ಕಳೆದು 1996ರಲ್ಲಿ ತೀರ್ಪು ಬಂತು. ಹಿಡಿದಾಗ ಸಾಕ್ಷಿಯ ರುಜು ಇರುವ ಮೆಮೊ ಬರೆಯಬೇಕು, ಮನೆಯವರಿಗೋ ಸ್ನೇಹಿತರಿಗೋ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ವಶದಲ್ಲಿದ್ದವ ಸತ್ತರೆ ಪೊಲೀಸ್ ತನಿಖೆಯ ಜೊತೆಗೆ ಮ್ಯಾಜಿಸ್ಟ್ರೇಟರ ವಿಚಾರಣೆಯೂ ಆಗಬೇಕೆಂದು 2005ರಲ್ಲಿ ಕಾಯಿದೆ ತಿದ್ದಿದರು. ಅದು ಹೊಸ ಸಂಹಿತೆಯಲ್ಲೂ ಉಳಿದಿದೆ. ಕಾರಣ ಸರಳ: ಸಿಐಡಿಯವರೂ ಖಾಕಿಯವರೇ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಮಾತ್ರ ದಿಲ್ಲಿ 1997ರಲ್ಲಿ ರುಜು ಹಾಕಿದ್ದಷ್ಟೇ, ಅಂತಿಮ ಸಮ್ಮತಿಯ ಮುದ್ರೆ ಇನ್ನೂ ಒತ್ತಿಲ್ಲ.

ಇನ್ನು ಬಣ್ಣದ ಮಾತು. 'ನಮ್ಮಲ್ಲಿ ಅದೆಲ್ಲ ಇಲ್ಲ ಬಿಡ್ರಿ' ಅನ್ನುವವರಿಗೆ 2016ರ ಜನವರಿ 31ರ ರಾತ್ರಿ ನೆನಪಿರಬೇಕು. ಹೆಸರಘಟ್ಟ ಕಡೆ ಸುಡಾನ್ ದೇಶದವನೊಬ್ಬನ ಕಾರು ಹಾಯ್ದು ಹೆಂಗಸೊಬ್ಬಳು ತೀರಿಕೊಂಡಳು. ಸ್ವಲ್ಪ ಹೊತ್ತಿಗೆ ಬೇರೆ ಕಾರಿನಲ್ಲಿ ಅದೇ ದಾರಿಗೆ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಎಳೆದು ಬಡಿದರು, ಬಟ್ಟೆ ಹರಿದರು, ಕಾರಿಗೆ ಬೆಂಕಿ ಇಟ್ಟರು. ಪೊಲೀಸರು ಸಹಾಯಕ್ಕೆ ಬರಲಿಲ್ಲ ಎಂದು ಆಕೆ ದೂರಿದಳು. ಗಲಾಟೆ ದಿಲ್ಲಿಗೆ ಮುಟ್ಟಿದ ಮೇಲೆ ಕೆಲವು ಪೊಲೀಸರು ಅಮಾನತಾದರು. ಆಗ ಗೃಹಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಇದು ಜನಾಂಗದ್ವೇಷವಲ್ಲ, ಅಪಘಾತದ ಸಿಟ್ಟು ಎಂದರು. ಸುಡಾನಿಗೂ ತಾಂಜಾನಿಯಾಕ್ಕೂ ಗಡಿ ಸಹ ಕೂಡುವುದಿಲ್ಲ. ಆ ಕಾರಿಗೂ ಈ ಕಾರಿಗೂ ಸಂಬಂಧವಿಲ್ಲ. ಹಾಗಾದರೆ ಗುಂಪಿಗೆ ಸಿಕ್ಕ ಗುರುತು ಯಾವುದು, ಮಂತ್ರಿಗಳು ಅದೊಂದನ್ನು ಹೇಳಲಿಲ್ಲ.

ಇದು ಪರದೇಶಿಗಳ ಪಾಡು ಅಂತ ಉತ್ತರ ಕನ್ನಡದವರು ಸುಮ್ಮನಿರುವ ಹಾಗಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಜನ ನೂರಾರು ವರ್ಷಗಳಿಂದ ಈ ಕಾಡಿನ ಮಕ್ಕಳು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೂ ಹೋದರು. ಆದರೂ ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತಿದ ಸಿದ್ದಿ ಹುಡುಗನಿಗೆ ಸಿಗುವ ಮೊದಲ ಪ್ರಶ್ನೆ 'ವಿಚ್ ಕಂಟ್ರಿ?' ಎಂಬುದೇ. 'ನಮ್ದು ಯಲ್ಲಾಪುರ ರೀ' ಅಂದರೆ ನಗುತ್ತಾರೆ. ಚಹಾ ಅಂಗಡಿಯಲ್ಲಿ ನಕ್ಕರೆ ಹೋಗಲಿ. ರಾತ್ರಿ ಗಸ್ತಿನವರು ನಿಲ್ಲಿಸಿದಾಗ ಅವನ ಜೇಬಿನಲ್ಲಿ ಆಧಾರ್ ಕಾರ್ಡು ಇರದಿದ್ದರೆ?

ಠಾಣೆಯ ಬಾಗಿಲು, ಲಾಕಪ್ಪು, ಓಣಿ, ಇನ್ಸ್‌ಪೆಕ್ಟರರ ಕೋಣೆ, ಎಲ್ಲೆಡೆ ಕ್ಯಾಮೆರಾ ಬೇಕು, ದನಿಯೂ ದಾಖಲಾಗಬೇಕು, ಹದಿನೆಂಟು ತಿಂಗಳು ಜೋಪಾನವಾಗಿಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರ್ 2ರಂದೇ ಹೇಳಿತ್ತು. ಜೆ.ಸಿ. ನಗರದ ಸಾವಿಗೆ ಎಂಟು ತಿಂಗಳು ಮುಂಚೆ. 2025ರ ಸೆಪ್ಟೆಂಬರಿನಲ್ಲಿ, ಠಾಣೆಗಳಲ್ಲಿ ಕ್ಯಾಮೆರಾಗಳು ಸರಿಯಾಗಿ ನಡೆಯುತ್ತಿಲ್ಲ ಎಂಬ ಪತ್ರಿಕಾ ವರದಿ ನೋಡಿ ಅದೇ ಕೋರ್ಟು ತಾನಾಗಿಯೇ ಮತ್ತೆ ಪ್ರಕರಣ ಎತ್ತಿಕೊಳ್ಳಬೇಕಾಯಿತು.