ಕೋಚ್ ಸರ್ ಬೈಕು

ಕಳೆದ ತಿಂಗಳು ಒಂದು ಸಂಜೆ ಮಗಳು ಕಾಮೋಠೆಯ ಟರ್ಫಿನಿಂದ ಕೋಚ್ ಸರ್ ಬೈಕಿನಲ್ಲಿ ಮನೆಗೆ ಬಂದಳು. ಜೋರು ಮಳೆ, ನನ್ನ ಆಫೀಸಿನ ಕಾಲ್ ಮುಗಿದಿರಲಿಲ್ಲ. ಅವರಿಗೆ ಥ್ಯಾಂಕ್ಸ್ ಹೇಳಿ ಕಳಿಸಿದೆ. ರಾತ್ರಿ ಹೊಳೆಯಿತು: ಆ ಮನುಷ್ಯನ ಪೂರ್ತಿ ಹೆಸರೇ ನನಗೆ ಗೊತ್ತಿಲ್ಲವಲ್ಲ!

2022ರ ಅಕ್ಟೋಬರ್ 30ರಂದು ಹುಡುಗಿಯರ 17 ವರ್ಷದೊಳಗಿನ ವಿಶ್ವಕಪ್ ಫೈನಲ್ ಇಲ್ಲೇ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆಯಿತು, ಸ್ಪೇನ್ ಗೆದ್ದಿತು. ಅದಕ್ಕೆ ನಾಲ್ಕು ತಿಂಗಳ ಮುಂಚೆ, ಅದೇ ಟೂರ್ನಿಗೆ ತಯಾರಾಗುತ್ತಿದ್ದ ಭಾರತ ತಂಡದ ಸಹಾಯಕ ಕೋಚ್ ಒಬ್ಬರನ್ನು ಅನುಚಿತ ವರ್ತನೆಯ ಆರೋಪದ ಮೇಲೆ ಯುರೋಪ್ ಪ್ರವಾಸದ ಮಧ್ಯೆಯೇ ವಾಪಸ್ ಕರೆಸಿ ಕೆಲಸದಿಂದ ತೆಗೆದರು. ರಾಷ್ಟ್ರೀಯ ತಂಡದ ಸುತ್ತ ಹತ್ತು ಜನ ದೊಡ್ಡವರಾದರೂ ಇರುತ್ತಾರೆ. ನಮ್ಮ ಟರ್ಫಿನಲ್ಲಿ ಇರುವುದು ಒಬ್ಬರೇ.

ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆ ನಡೆಸುವವರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ‘ಅಕಾಡೆಮಿ ಹೆಸರು ಕೆಡುತ್ತೆ’ ಅನ್ನುವ ನೆಪ ಅಲ್ಲಿ ನಡೆಯುವುದಿಲ್ಲ.

ಮರುದಿನ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ: ಪ್ರಾಕ್ಟೀಸ್ ಹೊತ್ತಿನಲ್ಲಿ ಇನ್ನೊಬ್ಬರು ದೊಡ್ಡವರು ಯಾರಿರುತ್ತಾರೆ? ಮೆಸೇಜು ಮಕ್ಕಳಿಗೆ ನೇರವಾಗಿ ಯಾಕೆ, ನಮಗೇ ಬರಲಿ? ‘ಸರ್ ಪೆ ಶಕ್ ಹೈ ಕ್ಯಾ?’ ಎಂದರು ಒಬ್ಬರು. ಶಕ್ ಇಲ್ಲ ಮಾರಾಯರೇ, ಅವರು ಒಳ್ಳೆಯವರೇ. ಒಳ್ಳೆಯವರಿಗೂ ಇದರಿಂದ ರಕ್ಷಣೆ ತಾನೆ? ಕೋಚ್ ಮಾತ್ರ ಬೇಸರಿಸಲಿಲ್ಲ, ‘ಯಾರಾದರೂ ಬಂದು ಕೂತರೆ ನನಗೂ ಒಳ್ಳೆಯದು’ ಎಂದರು.

ಈಗ ಸರದಿ ಮೇಲೆ ಒಬ್ಬೊಬ್ಬರು ಹೋಗಿ ಕೂರುತ್ತೇವೆ. ಮಕ್ಕಳ ಸಹಾಯವಾಣಿ 1098 ಮಗಳಿಗೆ ಬಾಯಿಪಾಠವಾಗಿದೆ. ಈ ಶನಿವಾರ ನನ್ನ ಪಾಳಿ. ಲ್ಯಾಪ್‌ಟಾಪ್ ಮನೆಯಲ್ಲೇ.