ಯೆಜ್ಡಿ ಮರಳಿತು, ಮೈಸೂರಿಗಲ್ಲ

"ಸರ್, ನಮ್ಮ ಮೈಸೂರಿನ ಯೆಜ್ಡಿ ಮತ್ತೆ ಬಂದಿದೆ" ಎಂದು ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಹೊಸ ಗಾಡಿಯ ಛಾಯಾಚಿತ್ರವನ್ನು ಕಳುಹಿಸಿದ್ದಾನೆ. ಅವನ ಸಂತೋಷಕ್ಕೆ ತಣ್ಣೀರೆರಚುವ ಇಚ್ಛೆ ನನಗಿಲ್ಲ. ಆದರೆ 'ನಮ್ಮ ಮೈಸೂರಿನ' ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ.

ಯೆಜ್ಡಿಯ ಮೂಲ ಮೈಸೂರಿನದಲ್ಲ. ಜೆಕೊಸ್ಲೊವಾಕಿಯಾದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡನು. ಆ ಎರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. (ಜಾವಾ ದ್ವೀಪಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಭೂಗೋಳದ ತರಗತಿಯಲ್ಲಿ ಈ ಪ್ರಶ್ನೆ ಕೇಳಿದವರು ನಿಮ್ಮಲ್ಲೇ ಕೆಲವರಿದ್ದೀರಿ!) ಐವತ್ತರ ದಶಕದಲ್ಲಿ ಈ ಗಾಡಿಗಳು ಮುಂಬಯಿಗೆ ಹಡಗಿನಲ್ಲಿ ಬಂದಿಳಿಯುತ್ತಿದ್ದವು. ಆಮದಿನ ಮೇಲೆ ಸರಕಾರದ ನಿರ್ಬಂಧ ಬಿಗಿಯಾದಾಗ, ಅವುಗಳನ್ನು ಮಾರುತ್ತಿದ್ದ ಇರಾನಿ ಕುಟುಂಬದ ರುಸ್ತುಂ ಮತ್ತು ಫರೋಖ್ ಅವರು ಪರವಾನಗಿ ಪಡೆದು ಇಲ್ಲಿಯೇ ತಯಾರಿಸಲು ಮುಂದಾದರು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು.

ಹೊರದೇಶದ ಕಂಪನಿಯೊಂದು ನಮ್ಮಲ್ಲಿ ಬೇರು ಬಿಟ್ಟದ್ದು ಜಾಹೀರಾತಿನ ಬಲದಿಂದಲ್ಲ, ತನ್ನ ವಿದ್ಯೆಯನ್ನು ಇಲ್ಲಿಯವರ ಕೈಗೆ ಕೊಟ್ಟದ್ದರಿಂದ ಎಂದು ನಾನು ತಿಳಿದಿದ್ದೇನೆ. ಎರಡು ಸ್ಟ್ರೋಕಿನ ಎಂಜಿನ್ನಿಗೆ ವಾಲ್ವುಗಳ ಗೊಡವೆಯಿಲ್ಲ, ಬಿಡಿಭಾಗಗಳು ಕಡಿಮೆ. ಎಂಬತ್ತರ ದಶಕದಲ್ಲಿ ನಮ್ಮ ಕುಮಟೆಯ ಮೆಕ್ಯಾನಿಕರು ಅದನ್ನು ಬಿಚ್ಚಿ ಹರಡಿ ಸಂಜೆಯೊಳಗೆ ಜೋಡಿಸಿ ಕೊಡುತ್ತಿದ್ದರು. ಕಿಕ್ ಹೊಡೆದ ಸನ್ನೆಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು! ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವರಿಗೆ ಅಂಥ ಗಟ್ಟಿ ಗಾಡಿ ಬೇಕಿತ್ತು. ನಾನಾದರೋ ಸೈಕಲ್ಲಿನ ಮನುಷ್ಯ. ಯೆಜ್ಡಿಯಲ್ಲಿ ಹಿಂಬದಿಯ ಸವಾರ ಮಾತ್ರ.

ಎಪ್ಪತ್ತರ ದಶಕದ ಆರಂಭದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂದಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಮೈಸೂರಿನ ಗಾಡಿಗಳು ಹೊರದೇಶಗಳಿಗೂ ರಫ್ತಾದವು. ಕಲಿಯಲು ಕುಳಿತವರು ಕಲಿಸುವವರಾದ ಕಾಲವದು.

ಮುಂದಿನದನ್ನು ಜನ 'ಜಪಾನಿನವರು ಬಂದರು, ಯೆಜ್ಡಿ ಸತ್ತಿತು' ಎಂದು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಇದು ಅರ್ಧ ಸತ್ಯ. 1984-85ರಲ್ಲಿ ಸುಜುಕಿ, ಹೋಂಡಾ, ಯಮಹಾಗಳ ನೂರು ಸಿಸಿ ಗಾಡಿಗಳು ಬಂದುದು ನಿಜ. ಆದರೆ ಪರವಾನಗಿಯ ಕಾಲದಲ್ಲಿ ಗಿರಾಕಿಯೇ ಸಾಲಿನಲ್ಲಿ ಕಾಯುತ್ತಿದ್ದ, ತಯಾರಕರಿಗೆ ಅವಸರವಿರಲಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ 250 ಸಿಸಿ ಗಾಡಿಯನ್ನೇ ನೆಚ್ಚಿದ್ದವರು, ಮೈಲೇಜು ಲೆಕ್ಕ ಹಾಕುವ ಗಿರಾಕಿಯ ಮುಂದೆ ಸೋತರು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆಗೆ ಬೀಗ ಬಿದ್ದಿತು. ಮದ್ರಾಸಿನ ಎನ್‌ಫೀಲ್ಡ್ ಕಥೆಯೂ ಹೀಗೆಯೇ ಮುಗಿಯಬಹುದಿತ್ತು. ಇಂಗ್ಲೆಂಡಿನ ತಾಯಿ ಕಂಪನಿ ಕಣ್ಮುಚ್ಚಿದ ಮೇಲೂ ಅದು ಬದುಕಿ, ಇಂದು ಇಂಗ್ಲೆಂಡಿಗೇ ಗಾಡಿ ಕಳುಹಿಸುತ್ತಿದೆ. ಆದ್ದರಿಂದ ಯೆಜ್ಡಿಯ ಅವಸಾನವನ್ನು ವಿಧಿಯೆಂದು ನಾನು ಒಪ್ಪಲಾರೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರಳಿದವು. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀಥಮ್‌ಪುರದಲ್ಲಿ. ಯೆಜ್ಡಿ ಎಂಬ ಹೆಸರು ಯಾರದೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು. ಹೆಸರಿಗೆ ಬೆಲೆಯಿದೆ, ವಾರಸುದಾರರಿದ್ದಾರೆ. ಮೂವತ್ತೈದು ವರ್ಷ ಮೈಸೂರಿನ ಕೈಗಳಲ್ಲಿ ಬೆಳೆದ ಕೆಲಸದ ಜ್ಞಾನಕ್ಕೆ ವಾರಸುದಾರರು ಯಾರು?

ಮೈಸೂರಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಆ ಕಾರ್ಖಾನೆಯಲ್ಲಿ ದುಡಿದ ಹಿರಿಯರು ನಿಮ್ಮ ಬಡಾವಣೆಯಲ್ಲಿ ಈಗಲೂ ಇದ್ದಾರು. ಒಂದು ಭಾನುವಾರ ಅವರ ಬಳಿ ಕುಳಿತು, ಅವರು ಯಾವ ಭಾಗವನ್ನು ಹೇಗೆ ತಯಾರಿಸುತ್ತಿದ್ದರೆಂದು ಕೇಳಿ ಬರೆದುಕೊಳ್ಳಿ. ಬರೆದದ್ದನ್ನು ನನಗೂ ಕಳುಹಿಸಿ. ಕಾಗುಣಿತ ನಾನು ತಿದ್ದುತ್ತೇನೆ.